ಮಹಡಿಯ ಕಲ್ಲುಮೇಷ್ಟ್ರು

ಕಲ್ಲು ಪರೀಕ್ಷೆ ಮಾಡುವವರಿಗೆ ಮನೆ ಬಾಡಿಗೆಗೆ ಕೊಟ್ಟವರಿಗೇ ಗೊತ್ತು ಆ ಪಾಡು. ನಮ್ಮ ಮಹಡಿಗೆ ಬಂದ ಕಲ್ಲುಮೇಷ್ಟ್ರು ಮೊದಲ ದಿನವೇ ನನ್ನ ಬಟ್ಟೆ ಒಗೆಯುವ ಕಲ್ಲಿನ ಮೂಲೆಯನ್ನು ಸುತ್ತಿಗೆಯಿಂದ ಒಡೆದು ಜೇಬಿಗೆ ಹಾಕಿಕೊಂಡರು. ನಾನು ಬಯ್ಯಲು ಬಾಯಿ ತೆರೆದೆ. “ಬಯ್ಬೇಡಿ ಅಕ್ಕಾ, ಇದು ಬೆಂಕಿಯಲ್ಲಿ ಕರಗಿ ಗಟ್ಟಿಯಾದ ಕಲ್ಲು. ಮರಳಲ್ಲಿರೋ ಸಿಲಿಕಾ ಜಾಸ್ತಿಯಿದ್ರೆ ಬಿಳಿಕಲ್ಲಿನ ಬಳಗ, ಅದು ಕಮ್ಮಿಯಾಗಿ ಕಬ್ಬಿಣ ಜಾಸ್ತಿಯಿದ್ರೆ ಕರಿಕಲ್ಲಿನ ಬಳಗ. ಬಣ್ಣ ನಂಬಬಾರದು, ಪುಡಿ ಮಾಡಿಯೇ ನೋಡ್ಬೇಕು” ಎಂದರು. ಅಂದಿನಿಂದ ಮೇಲೆ ಕುಟ್ಟುವುದೇ ಕುಟ್ಟುವುದು. ಅನ್ನದಲ್ಲಿ ಕಲ್ಲು ಸಿಕ್ಕರೆ ಬೇರೆಯವರು ಮುಖ ಸಿಂಡರಿಸುತ್ತಾರೆ, ಈ ಮಹಾರಾಯರು ಕನ್ನಡಕ ಹುಡುಕುತ್ತಾರೆ. ಅವರ ಸುತ್ತಿಗೆಯಿಂದ ಪಾರಾದದ್ದು ಕಿಟಕಿಯ ಮೇಲಿನ ಕರಿಕಲ್ಲೊಂದೇ. ತೀರಿಹೋದ ಅವರ ಮಗಳು ಹುಡುಗಿಯಾಗಿದ್ದಾಗ ಹೊಳೆದಂಡೆಯಿಂದ ಆರಿಸಿ ತಂದದ್ದಂತೆ; ಅದರ ಧೂಳು ಒರೆಸಲೂ ನನ್ನನ್ನು ಬಿಡುತ್ತಿರಲಿಲ್ಲ. ಮೊನ್ನೆ ಚಹಾ ಕೊಡಲು ಹೋಗಿ ನೋಡಿದರೆ, ಕಿಟಕಿಯ ಮೇಲೆ ಕಲ್ಲಿಲ್ಲ. ಪರೀಕ್ಷೆಗೆ ಹೋಗಿ ಮಿಕ್ಕ ಬೂದು ಪುಡಿ ಒಂದು ಸೀಸೆಯಲ್ಲಿತ್ತು. “ಅಯ್ಯೋ, ಕೈಯಾದ್ರೂ ಹೇಗೆ ಬಂತ್ರೀ ನಿಮಗೆ! ಅವಳದು ಅಂತ ಇದ್ದದ್ದು ಅದೊಂದೇ ಅಲ್ವಾ!” ಎಂದು ಕೂಗಿಬಿಟ್ಟೆ. “‘ಇದು ಬಿಳಿಕಲ್ಲಿನ ಬಳಗದ್ದೇ ಅಪ್ಪಾ, ಪರೀಕ್ಷೆ ಮಾಡು’ ಅಂತಿದ್ಲು ಅಕ್ಕಾ. ‘ಕಣ್ಣು ಕಾಣಲ್ವೇನೇ, ಕರೀದಲ್ವಾ’ ಅಂತ ನಕ್ಕುಬಿಟ್ಟಿದ್ದೆ. ಕೊನೇವರೆಗೂ ಅವಳು ವಾದ ಬಿಡ್ಲಿಲ್ಲ” ಎಂದರು. ಆಮೇಲೆ ಗೋಡೆಯ ಮೇಲಿನ ಮಗಳ ಫೋಟೋದತ್ತ ತಿರುಗಿ, ಎದುರಿಗೇ ನಿಂತವಳಿಗೆ ಹೇಳುವಂತೆ, “ನೂರಕ್ಕೆ ಎಪ್ಪತ್ತು ಭಾಗ ಸಿಲಿಕಾ ಕಣೇ. ನೀನೇ ಗೆದ್ದೆ” ಎಂದರು.