ಎರಡು ಕಣ್ಣಿಗೆ ಎರಡು ದ್ರಾಕ್ಷಿ

ಮಕ್ಕಳೇ, ಹೋದ ತಿಂಗಳು ತೇನಿಯ ಆಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿದರಲ್ಲ, ಅಂದಿನಿಂದ ನನಗೆ ಎಲ್ಲವೂ ಎರಡೆರಡು. ಬಲಗಣ್ಣಿಗೆ ನನ್ನ ಬಿಳಿ ಸೀರೆ ನೀಲಿ ಹಾಕಿ ಒಗೆದ ಹಾಗೆ ಕಾಣುತ್ತದೆ. ಎಡಗಣ್ಣಿಗೆ ಅದೇ ಸೀರೆ ಟೀ ಚೆಲ್ಲಿದ ಹಾಗೆ. ಯಾವುದು ನಿಜವೆಂದು ಡಾಕ್ಟರನ್ನು ಕೇಳಲು ನನಗೆ ನಾಚಿಕೆ. ನಿಮ್ಮಮ್ಮ ಕೇಳಿದಳು. ಕಣ್ಣು ಬೆಳಕನ್ನು ಒಯ್ದು ಕೊಡುತ್ತದೆ ಅಷ್ಟೆ, ಇದು ಇಂಥ ಬಣ್ಣ ಎಂದು ತೀರ್ಮಾನಿಸುವುದು ಮಿದುಳು ಎಂದರಂತೆ. ನನಗೆ ಅರ್ಧ ಅರ್ಥವಾಯಿತು. ಆ ಅರ್ಧವೇ ಈಗ ಕಾಡುತ್ತಿದೆ. ನಿಮ್ಮ ತಾತನಿಗೂ ನನಗೂ ಆದ ಕೊನೆಯ ಜಗಳ ಬಣ್ಣದ್ದೇ.

ನಮ್ಮ ಮನೆಯಲ್ಲಿ ದ್ರಾಕ್ಷಿಯ ಮೊದಲ ಗೊಂಚಲನ್ನು ಮನೆಯ ಹೆಂಗಸೇ ಕತ್ತರಿಸಬೇಕು. ಅವಳು ಹಣ್ಣಾಗಿದೆ ಎನ್ನುವ ತನಕ ಆಳುಗಳು ಕತ್ತರಿ ಎತ್ತುವಂತಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಆ ದ್ರಾಕ್ಷಿ ಚಪ್ಪರದ ಕೆಳಗೆ ಮಾತ್ರ ಗಟ್ಟಿಯಾಗಿ ಮಾತಾಡುತ್ತಿದ್ದೆ. ಆ ಜಗಳದ ವರ್ಷ ನಾನು ಕತ್ತರಿ ಇಡುವಾಗ ತಾತ ತಡೆದರು. ನನ್ನನ್ನು ಪುಳ್ಳೆ ಎಂದೇ ಕರೆಯುತ್ತಿದ್ದರು.

"ಏ ಪುಳ್ಳೆ, ಇನ್ನೂ ಕೆಂಪೈತೆ. ಎಂಟು ದಿನ ಬಿಡು."

"ಕರ್ರಗೈತೆ. ನಿಮ್ ಕಣ್ಣಾಡಿ ಒರಸ್ಕಂಡು ನೋಡಿ."

"ಕಣ್ಣಾಡಿ ನಂದು, ಕುರುಡು ನಿಂದು."

ಆಳುಗಳು ನಕ್ಕರು. ನಾನು ಕತ್ತರಿಸಿಯೇ ಬಿಟ್ಟೆ. ಸಿಟ್ಟಿನಲ್ಲಿ ಒಂದು ಹಣ್ಣೂ ಬಾಯಿಗಿಡಲಿಲ್ಲ. ಲಾರಿ ಕೇರಳದ ಕಡೆ ಹೋಯಿತು. ಎರಡು ದಿನ ತಾತನಿಗೆ ಊಟ ಬಡಿಸಿದೆ, ಮಾತಾಡಲಿಲ್ಲ. ಮೂರನೆಯ ದಿನ ಎದೆ ಹಿಡಿದುಕೊಂಡು ತೋಟದಲ್ಲಿ ಕುಳಿತವರು ಮತ್ತೆ ಏಳಲಿಲ್ಲ.

ಬರುವ ಸೋಮವಾರ ಎಡಗಣ್ಣಿಗೂ ಆಪರೇಷನ್. ಅಂದು ನೋಡಿದ ಕಣ್ಣುಗಳಲ್ಲಿ ಉಳಿದಿರುವುದು ಅದೊಂದೇ. ಅದು ಬದಲಾಗುವ ಮೊದಲು, ಅಂದು ಸರಿಯಾಗಿ ಕಂಡಿದ್ದು ಯಾರಿಗೆ ಎಂದು ತಿಳಿಯಬೇಕಿತ್ತು. ನಿನ್ನೆ ನಿಮ್ಮಲ್ಲಿ ಚಿಕ್ಕವಳನ್ನು ಕರೆದುಕೊಂಡು ತೋಟಕ್ಕೆ ಹೋದೆ. ಈ ವರ್ಷದ ಮೊದಲ ಕೊಯ್ಲಿಗೆ ಆಳುಗಳು ನನ್ನ ಮಾತಿಗಾಗಿ ಕಾಯುತ್ತಿದ್ದರು. ಒಂದು ಗೊಂಚಲು ಹಿಡಿದೆ. ಎಡಗಣ್ಣಿಗೆ ಕಪ್ಪು. ಬಲಗಣ್ಣಿಗೆ ತೊಟ್ಟಿನ ಹತ್ತಿರವೆಲ್ಲ ಕೆಂಪು. ಹಾಗಾದರೆ ತಾತ ಹೇಳಿದ್ದೇ ನಿಜವೇ? ಆದರೆ ಅಂದೇ ನನಗೆ ಪೊರೆ ಬಂದಿತ್ತೋ, ಆಮೇಲೆ ಬಂತೋ?

ನಾಲಿಗೆಯನ್ನೇ ಕೇಳೋಣ ಎಂದುಕೊಂಡೆ. ಎಡಗಣ್ಣಲ್ಲಿ ನೋಡುತ್ತ ಒಂದು ತಿಂದೆ, ಸಿಹಿ. ಬಲಗಣ್ಣಲ್ಲಿ ನೋಡುತ್ತ ಅದರ ಪಕ್ಕದ್ದನ್ನು ತಿಂದೆ, ಹುಳಿ. ಇನ್ನೊಂದು ಗೊಂಚಲಿನಲ್ಲೂ ಹಾಗೆಯೇ. ನಾಲಿಗೆಯೂ ಕಣ್ಣಿನ ಮಾತು ಕೇಳುತ್ತದೆಯೇ?

"ಅವ್ವಾ, ಯಾರ್ಗೆ ಕಣ್ಣು ಹೊಡೀತಿದ್ದೀ?" ಎಂದಳು ಚಿಕ್ಕವಳು.

ಎರಡೂ ಕಣ್ಣು ಮುಚ್ಚಿ, ನೀನೇ ಒಂದು ಹಾಕು ಎಂದು ಬಾಯಿ ತೆರೆದೆ. ಹಾಕಿದಳು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡೆ.

"ಎಂಗೈತೆ?"

ಸಿಹಿ ಎಂದುಕೊಂಡರೆ ಸಿಹಿ, ಹುಳಿ ಎಂದುಕೊಂಡರೆ ಹುಳಿ.

ಕಣ್ಣು ತೆರೆದು ಆಳುಗಳ ಕಡೆ ತಿರುಗಿ, "ಎಂಟು ದಿನ ಬಿಡಿ" ಎಂದೆ. ಕಾಯೋ ಹಣ್ಣೋ ಗೊತ್ತಾಗಿ ಹೇಳಿದ್ದಲ್ಲ.