ಗೋಡೆ ದಾಟಿದ ಗುಂಡು

ಯಲಹಂಕದಲ್ಲಿ ನಮ್ಮ ಮನೆಯ ಹತ್ತಿರ ಬಂದೂಕಿನ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಹಿಂದೆ ಸೇನೆಯಲ್ಲಿದ್ದವರು. ಮನೆಯ ಕಾವಲಿಗೆಂದು ಯಾರಾದರೂ ತೋಟಾ ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, "ಗೋಡೆ ಆಚೆ ಯಾರಿದಾರೆ?" ಎನ್ನುತ್ತಿದ್ದರು. ಗಿರಾಕಿಗಳಿಗೆ ಅದು ತಲೆಹರಟೆಯಂತೆ ಕಾಣುತ್ತಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು.

ನಮ್ಮ ಬೀದಿಯಲ್ಲಿ ಕಳ್ಳತನವಾದ ವಾರ, ನನ್ನ ಪರವಾನಗಿಯ ಬಂದೂಕು ಹಿಡಿದು ಅವರ ಅಂಗಡಿಗೆ ಹೋಗಿ, "ದೊಡ್ಡ ಗುಂಡಿರೋ ತೋಟಾನೇ ಕೊಡಿ ಸಾರ್" ಎಂದೆ.

"ಮನೇಲಿ ಹಂದಿ ಹೊಡೀತೀರೇನ್ರೀ?" ಎಂದು ಸಿಡುಕಿದರು.

ಮರುದಿನ ಊರಾಚೆಯ ಶೂಟಿಂಗ್ ರೇಂಜಿಗೆ ಕರೆದೊಯ್ದರು. ನಮ್ಮ ಮನೆಯ ಕೋಣೆಗಳ ನಡುವೆ ಗೋಡೆಯ ಬದಲು ಇರುವಂಥವೇ ಮೂರು ಪ್ಲೈವುಡ್ ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ನಾನು ಕೇಳಿದ ತೋಟಾ ಹಾರಿಸಿದರು. ಅದರೊಳಗಿನ ಗುಂಡುಗಳು ಮೂರೂ ಹಲಗೆಗಳನ್ನು ತೂರಿಕೊಂಡು ಹೋದವು. ಸಣ್ಣ ಗುಂಡಿನ ತೋಟಾವನ್ನೂ ಹಾರಿಸಿದರು. ಅದೂ ಮೊದಲ ಹಲಗೆಯಲ್ಲಿ ನಿಲ್ಲಲಿಲ್ಲ.

"ನಿಮ್ ಹಾಲ್ ಪಕ್ಕದ ರೂಮಲ್ಲಿ ಯಾರ್ ಮಲಗ್ತಾರೆ?"

"ಮಗಳು," ಎಂದೆ.

ಅವರ ಮುಖ ಕೆಂಪೇರಿತು. "ಡಬ್ಬಿ ಮೇಲೆ ಮನೆ ರಕ್ಷಣೆ ಅಂತ ಅಚ್ಚು ಹಾಕ್ತಾರೆ. ಪಕ್ಕದ ರೂಮಲ್ಲಿ ಮಲಗಿರೋ ಮಗು ಬಗ್ಗೆ ಒಂದ್ ಅಕ್ಷರ ಬರೆಯಲ್ಲ! ಮಾರೋನು ಹೇಳಲ್ಲ, ಕೊಳ್ಳೋನು ಕೇಳಲ್ಲ. ನಾಚಿಕೆ ಆಗ್ಬೇಕು ಕಣ್ರೀ ನಮ್ಗೆಲ್ಲ!"

ಕೊನೆಯ ಹಲಗೆಯ ಬಳಿ ಹೋಗಿ ಒಂದು ತೂತಿನೊಳಗೆ ಬೆರಳಿಟ್ಟೆ. ಅದು ಮಗಳ ಮಂಚದ ಎತ್ತರಕ್ಕೇ ಇತ್ತು. ನನ್ನ ಮೇಲೆ ನನಗೇ ಸಿಟ್ಟು ಉಕ್ಕಿತು. ಅಂದೇ ಬಂದೂಕನ್ನು ಅವರ ಅಂಗಡಿಯಲ್ಲಿ ಜಮಾ ಮಾಡಿ, ಮುಂಬಾಗಿಲಿಗೊಂದು ಗಟ್ಟಿ ಚಿಲಕ ಕೊಂಡು ಮನೆಗೆ ಹೋದೆ.