ನಲವತ್ತನೇ ಗಜ

ಆರ್ಲಿಸ್ ಟ್ವೆಟ್ ಟೇಪನ್ನು ಮೂರನೇ ಸಲ ಎಳೆದಳು. ಮೂರನೇ ಸಲವೂ ಅದು ಮೂವತ್ತೊಂಬತ್ತು ಗಜವನ್ನೇ ತೋರಿಸಿತು.

ಬೆಳಿಗ್ಗೆ ಏಳು ಗಂಟೆ. ಮಾರ್ಚ್ ತಿಂಗಳಾದರೂ ಮೈದಾನದ ಅಂಚಿಗೆ ತಳ್ಳಿದ್ದ ಹಿಮದ ಗುಡ್ಡೆಗಳು ಕರಗಿರಲಿಲ್ಲ. ಅವಳು ಹುಲ್ಲಿನ ಮೇಲೆ ಮಂಡಿಯೂರಿ, ಕೈಗವಸು ಕಿತ್ತು, ಉಕ್ಕಿನ ಟೇಪಿನ ಮೇಲಿನ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ಟೇಪು ಹೊಚ್ಚ ಹೊಸದು, ನಿನ್ನೆ ಸಂಜೆಯಷ್ಟೇ ಕೋಚ್ ಬ್ರಾಂಟ್ ತಂದುಕೊಟ್ಟದ್ದು. ಅದಕ್ಕೆ ಸುಳ್ಳು ಹೇಳುವ ದರ್ದು ಏನಿದೆ?

ಅವಳು ಅಳೆಯುತ್ತಿದ್ದ ಎರಡು ಗೂಟಗಳ ನಡುವಿನದು ನಾರ್ಡಾಲ್ ಕಾಲೇಜಿನ ಓಟದ ಪಟ್ಟಿ. ಅಯೋವಾದ ಜೋಳದ ಹೊಲಗಳ ನಡುವೆ ಕೂತ ಈ ಪುಟ್ಟ ಕಾಲೇಜಿನ ಆಟಕ್ಕೆ ಟಿವಿಯವರು ಬರುವುದಿಲ್ಲ. ಆಡುವ ಹುಡುಗರಿಗೆ ಫೀಸಿನಲ್ಲಿ ಒಂದು ಕಾಸೂ ಬಿಡುವುದಿಲ್ಲ. ಆದರೆ ಶನಿವಾರ ಮಧ್ಯಾಹ್ನ ಬಂತೆಂದರೆ ಊರಿಗೆ ಊರೇ ಅಂಗಡಿ ಮುಚ್ಚಿ ಅಮೆರಿಕನ್ ಫುಟ್‌ಬಾಲಿಗೆ ಬರುತ್ತದೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ತನ್ನ ಮನೆಯ ಮಗನೇ ಎಂಬಂತೆ ಕೂಗಿ ಕರೆಯುತ್ತದೆ. ಪ್ರತಿ ವಸಂತದಲ್ಲೂ ಪ್ರತಿ ಆಟಗಾರ ಈ ಪಟ್ಟಿಯ ಮೇಲೆ ನಲವತ್ತು ಗಜ ಓಡಿ ತೋರಿಸಬೇಕು. ಇದುವರೆಗಿನ ಅತಿ ವೇಗದ ಹತ್ತು ಜನರ ಹೆಸರು ಹಿತ್ತಾಳೆ ತಗಡಿನ ಮೇಲೆ ಕೊರೆಸಿಕೊಂಡು ಜಿಮ್ಮಿನ ಗೋಡೆಯ ಹಲಗೆಗೆ ಏರುತ್ತದೆ.

ಈಗ ಎಲ್ಲರಿಗಿಂತ ಮೇಲಿದ್ದ ಹೆಸರು ಇಸಿದ್ರೋ ಬಾರಿಯೆಂಟೋಸ್‌ನದು. ಅವನು ಇದೇ ಊರಿನವನು. ಅಪ್ಪ ಹಂದಿಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಚಾಕು ಹಿಡಿದು ನಿಂತವನು. ಹುಡುಗ ಗಿಡ್ಡ, ಆದರೆ ಕಾಲು ನೋಡಬೇಕು! ಹೋದ ವರ್ಷ ನಲವತ್ತು ಗಜವನ್ನು ನಾಲ್ಕು ಪಾಯಿಂಟ್ ಮೂರು ಏಳು ಸೆಕೆಂಡಿನಲ್ಲಿ ಮುಗಿಸಿದ್ದ. ಆ ಒಂದು ಅಂಕಿಯನ್ನು ನಂಬಿಕೊಂಡು ಇವತ್ತು, ಕಾಸು ಕೊಟ್ಟು ಆಡಿಸುವ ದೊಡ್ಡ ತಂಡದ ಆಯ್ಕೆದಾರನೊಬ್ಬ ಆರು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದ. ಹತ್ತು ಗಂಟೆಗೆ, ಇದೇ ಪಟ್ಟಿಯ ಮೇಲೆ, ಅವನ ಕಣ್ಣೆದುರು ಇಸಿದ್ರೋ ಓಡಬೇಕು. ನಾಲ್ಕು ಪಾಯಿಂಟ್ ನಾಲ್ಕರ ಕೆಳಗೆ ಬಂದರೆ ಅವನ ಬದುಕೇ ಬೇರೆ. ಮೇಲೆ ಹೋದರೆ ಗಿಡ್ಡ ಹುಡುಗನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ತಪ್ಪು ಯಾರದು ಎಂದು ಆರ್ಲಿಸ್ ಹುಡುಕಬೇಕಾಗಿರಲಿಲ್ಲ. ಈ ಮೈದಾನಕ್ಕೆ ಮೊದಲು ಗೆರೆ ಎಳೆಯುತ್ತಿದ್ದವನು ಅವಳ ಅಪ್ಪ, ಆಮೇಲೆ ಅವಳು. ಅವರಿಬ್ಬರ ಹತ್ತಿರ ಇದ್ದದ್ದು ಒಂದೇ ಬಟ್ಟೆಯ ಟೇಪು, ಅದರ ಮೊದಲ ಗಜವನ್ನು ಎಂದೋ ಹುಲ್ಲು ಕೊಯ್ಯುವ ಯಂತ್ರ ನುಂಗಿ ಹಾಕಿತ್ತು. ಒಳ್ಳೆಯ ಟೇಪನ್ನು ಎಸೆಯುವುದುಂಟೇ? "ಒಂದರಿಂದ ಹಿಡಿ, ಕೊನೇಲಿ ಒಂದು ಸೇರಿಸು" ಎಂದು ಅಪ್ಪ ಹೇಳಿಕೊಟ್ಟಿದ್ದ. ನಲವತ್ತು ಬೇಕಾದರೆ ನಲವತ್ತೊಂದಕ್ಕೆ ಗೂಟ ಹೊಡೆಯಬೇಕು. ಅವಳು ಸಾವಿರ ಸಲ ಹಾಗೇ ಮಾಡಿದ್ದಳು. ಹದಿಮೂರು ವರ್ಷದ ಹಿಂದೆ, ನವೆಂಬರಿನಲ್ಲಿ, ಚರಂಡಿ ಪೈಪು ಹಾಕುವವರು ಕಿತ್ತೆಸೆದಿದ್ದ ಕೊನೆಯ ಗೂಟವನ್ನು ಮತ್ತೆ ನೆಡುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವಳ ಗಂಡ ವರ್ಲಿನ್‌ಗೆ ಎದೆ ಸೀಳಿ ಆಪರೇಷನ್ ನಡೆದಿತ್ತು. "ಕಣ್ಣು ಬಿಟ್ಟಿದ್ದಾರೆ, ಬನ್ನಿ" ಎಂದಳು ನರ್ಸು. ಆರ್ಲಿಸ್ ಟೇಪಿನ ಮೇಲೆ ನಲವತ್ತು ಕಂಡ ಕಡೆ ಗೂಟ ಬಡಿದು ಗಾಡಿಯ ಕಡೆ ಓಡಿದಳು. ಆಮೇಲೆ ಯಾರೂ ಅಳೆಯಲಿಲ್ಲ. ನೆಟ್ಟ ಗೂಟವನ್ನು ಯಾರು ಅಳೆಯುತ್ತಾರೆ?

ಮರುವಸಂತದಲ್ಲಿ ಒಂದೇ ದಿನ ನಾಲ್ಕು ಹುಡುಗರು ದಾಖಲೆ ಮುರಿದರು. ಮುರಿದದ್ದು ವರ್ಲಿನ್‌ನ ದಾಖಲೆಯನ್ನೇ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಓಡಿದ್ದ ನಾಲ್ಕು ಪಾಯಿಂಟ್ ನಾಲ್ಕು ಆರು ಮೂವತ್ತಾರು ವರ್ಷ ಹಲಗೆಯ ತುದಿಯಲ್ಲಿ ಕೂತಿತ್ತು.

"ಒಂದೇ ದಿನ ನಾಲ್ಕು ಜನಾನಾ, ಆರ್ಲಿಸ್?" ಎಂದು ಅವನು ಅಂದು ರಾತ್ರಿ ಊಟದ ಮುಂದೆ ಕೇಳಿದ್ದ.

"ಈಗಿನ ಹುಡುಗ್ರು ಜಿಮ್ಮಲ್ಲಿ ಕಬ್ಬಿಣ ಎತ್ತಾರಪ್ಪ. ನೀನೇನು ಎತ್ತಿದ್ದೆ, ಹಂದಿ ಮೇವಿನ ಬಕೇಟು" ಎಂದು ಅವಳೇ ನಕ್ಕಿದ್ದಳು.

ಅವನು ಮತ್ತೆ ಆ ಮಾತೆತ್ತಲಿಲ್ಲ. ಆದರೆ ವರ್ಷವರ್ಷವೂ ಅವನ ಹೆಸರು ಒಂದೊಂದು ಮೆಟ್ಟಿಲು ಇಳಿದು ಕೊನೆಗೆ ಹಲಗೆಯಿಂದಲೇ ಹೊರಗೆ ಬಿತ್ತು. ಕಾಫಿ ಅಂಗಡಿಯ ಮುದುಕರಿಗೆ ಅದೇ ತಮಾಷೆ. "ಏನ್ ವರ್ಲಿನ್, ತಗಡು ಈಗ ಎಲ್ಲಿಟ್ಟಿದ್ಯಾ? ಕಾಫಿ ಲೋಟ ಮುಚ್ಚೋಕೆ ಆಗುತ್ತಾ?" ಎಂದರೆ ಅವನು ಹಲ್ಲು ಕಿರಿಯುತ್ತಿದ್ದ, ಮನೆಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದ.

ಎಂಟು ಗಂಟೆಗೆ ಆರ್ಲಿಸ್ ಕೋಚ್ ಬ್ರಾಂಟ್‌ನ ಕೋಣೆಗೆ ಹೋಗಿ ನಿಂತಳು. ಅಂದು ದಾಖಲೆ ಮುರಿದ ನಾಲ್ವರಲ್ಲಿ ಅವನೂ ಒಬ್ಬ. ವಿಷಯ ಕೇಳಿ ಅವನು ಬಾಗಿಲು ಹಾಕಿದ.

"ಇನ್ನೊಂದ್ಸಲ ಹೇಳಿ, ಮೆಲ್ಲಗೆ."

"ಒಂದು ಗಜ ಕಡಿಮೆ ಇದೆ. ನಾನೇ ನೆಟ್ಟಿದ್ದು. ಗೂಟ ಕಿತ್ತು ಸರಿಯಾಗಿ ಹಾಕ್ತೀನಿ, ಅರ್ಧ ಗಂಟೆ ಕೆಲಸ."

"ಆರ್ಲಿಸಮ್ಮ, ನಿಮಗೆ ತಲೆ ನೆಟ್ಟಗಿದೆಯಾ? ಇವತ್ತು? ಆ ಹುಡುಗನ ಕಾಲು ಮುರಿದ ಹಾಗೇ ಇದು!" ಅವನ ಕುತ್ತಿಗೆ ಕೆಂಪೇರಿತು. "ಅಲ್ಲ, ಯೋಚನೆ ಮಾಡಿ. ಹದಿಮೂರು ವರ್ಷದ ಹೆಸರೆಲ್ಲ ಕೆಳಗೆ ಬೀಳತ್ತೆ. ಮೇಲೆ ಯಾರು ಬರ್ತಾರೆ? ನಿಮ್ಮ ಯಜಮಾನ್ರು! ಜನ ಏನಂತಾರೆ ಗೊತ್ತಾ?"

ಅದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕಪಾಳಕ್ಕೆ ಹೊಡೆದಂತಾಯಿತು.

"ಬಾಯಿ ಮುಚ್ಕೊಂಡಿರಿ. ನಾಳೆ ಬೇಕಾದ್ರೆ ಗೂಟ ಕಿತ್ತು ಒಲೆಗೆ ಹಾಕಿ" ಎಂದ ಬ್ರಾಂಟ್.

ಅವಳು ಹೊರಗೆ ಬಂದಳು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಕಷ್ಟದ ಕೆಲಸವೇನಲ್ಲ, ಲುಥರನ್ ಚರ್ಚಿನಲ್ಲಿ ಅರವತ್ತು ವರ್ಷ ಅದನ್ನೇ ಕಲಿತವಳು. ಆದರೆ ಓಡುವ ಕಾಲು ಯಾರದ್ದೋ ಅವನಿಗಾದರೂ ಗೊತ್ತಿರಬೇಡವೇ? ಎಂಟೂವರೆಗೆ ಇಸಿದ್ರೋ ಮೈಬಿಸಿ ಮಾಡಿಕೊಳ್ಳಲು ಒಬ್ಬನೇ ಬಂದಾಗ ಅವಳು ಸಾಮಾನಿನ ಕೊಟ್ಟಿಗೆಯ ಹಿಂದೆ ಅವನನ್ನು ಕರೆದು, ಸುತ್ತಿಬಳಸದೆ ಹೇಳಿಬಿಟ್ಟಳು.

ಹುಡುಗ ಕೇಳಿಸಿಕೊಂಡ. ಕಡೆಗೆ, "ಒಂದು ಗಜ ಅಂದ್ರೆ ಟೈಮು ಎಷ್ಟು?" ಎಂದ.

"ನಿನ್ನ ವೇಗಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ."

ಅವನು ತುಟಿ ಅಲುಗಿಸುತ್ತ ಲೆಕ್ಕ ಹಾಕಿದ. "ಇವತ್ತೇ ಅಳೀಬೇಕಿತ್ತಾ ನೀವು?" ಎಂದು ರೇಗಿದ. "ನಮ್ಮಪ್ಪ ಮೊದಲನೇ ಸಲ ರಜೆ ಹಾಕಿ ಬರ್ತಿದಾರೆ. ಇಡೀ ಕಾರ್ಖಾನೆಗೆ ಹೇಳಿದಾರೆ. ನಾಲ್ಕು ಪಾಯಿಂಟ್ ಮೂರು ಏಳು, ಮೂರು ಏಳು ಅಂತ ಮನೆ ಬಾಗಿಲಿಗೂ ಬರ್ದಿದಾರೆ ಗೊತ್ತಾ?"

"ಗೊತ್ತಪ್ಪ. ತಪ್ಪು ನಂದೇ."

"ಹಂಗಾದ್ರೆ ಗೂಟ ಮುಟ್ಬೇಡಿ. ಯಾರಿಗೂ ಹೇಳ್ಬೇಡಿ."

"ಆಯ್ತು. ಓಟ ನಿಂದು" ಎಂದಳು ಆರ್ಲಿಸ್.

ಹತ್ತು ಗಂಟೆಯ ಹೊತ್ತಿಗೆ ಬೇಲಿಯ ಉದ್ದಕ್ಕೂ ಐವತ್ತು ಜನ ಸೇರಿದ್ದರು. ವರ್ಲಿನ್ ಮಡಿಸುವ ಕುರ್ಚಿ ಹಾಕಿಕೊಂಡು ಕಾಫಿ ಅಂಗಡಿಯ ಸಂಗಾತಿಗಳ ಜೊತೆ ಕೂತಿದ್ದ. ಇಸಿದ್ರೋನ ಅಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಒಬ್ಬನೇ ನಿಂತಿದ್ದ. ಆಯ್ಕೆದಾರ ಕಾರ್ವರ್ ಎಂಬ ನರೆಗೂದಲಿನ ಮನುಷ್ಯ. ಮಾತು ಕಡಿಮೆ, ಕೊರಳಲ್ಲಿ ಎರಡು ಸ್ಟಾಪ್‌ವಾಚ್. ಅವನು ಕೊನೆಯ ಗೂಟದ ಪಕ್ಕ ಹೋಗಿ ನಿಂತ. ಆರ್ಲಿಸ್ ಆರಂಭದ ಗೆರೆಯ ಬಳಿ, ಹೊಸ ಟೇಪನ್ನು ಕೋಟಿನ ಜೇಬಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಇಸಿದ್ರೋ ಗೆರೆಯ ಹತ್ತಿರ ಬಂದ. ಬಗ್ಗಿ ಒಂದು ಕೈ ನೆಲಕ್ಕೆ ಊರಿದ. ಮತ್ತೆ ಎದ್ದ. ಅಪ್ಪನ ಕಡೆ ನೋಡಿದ, ಆಮೇಲೆ ಆರ್ಲಿಸ್ ಕಡೆ ಒಂದು ನೋಟ ಹಾಕಿದ. ಆ ನೋಟದಲ್ಲಿ ಸಿಟ್ಟೇ ಇತ್ತು. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕಣ್ಣಳತೆಯಲ್ಲೇ ನೆಲ ನೋಡಿ, ಅಲ್ಲಿ ಕೈ ಊರಿದ.

ಒಂದು ಗಜ, ಎಂದು ಆರ್ಲಿಸ್ ಮನಸ್ಸಿನಲ್ಲೇ ಅಳೆದಳು.

"ಏಯ್ ಇಸಿ! ಗೆರೆ ಮುಂದಿದೆ ಕಣೋ!" ಎಂದು ಬ್ರಾಂಟ್ ಅರಚಿದ.

"ಇಲ್ಲಿಂದ್ಲೇ ಓಡ್ತೀನಿ, ಕೋಚ್."

"ಹುಚ್ಚು ಹಿಡೀತಾ ನಿಂಗೆ? ಮುಂದೆ ಬಾ!"

"ಬಿಡಿ" ಎಂದು ಆ ತುದಿಯಿಂದ ಕಾರ್ವರ್ ಕೂಗಿದ. "ಅವನು ಅಲುಗಿದ ಕೂಡ್ಲೆ ನಾನು ಒತ್ತೋದು. ಎಲ್ಲಿಂದಾದ್ರೂ ಬರ್ಲಿ, ನಷ್ಟ ಅವನಿಗೇ."

ಬೇಲಿಯ ಹತ್ತಿರ ಯಾರೋ ನಕ್ಕರು. ಶೋಕಿ ಮಾಡ್ತಾನೆ ಎಂದರು. ಇಸಿದ್ರೋ ಬೆನ್ನೆತ್ತಿದ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಅವನು ಅಲ್ಲಿರಲಿಲ್ಲ, ಬೂಟಿನ ಮೊಳೆ ಕಿತ್ತ ಹುಲ್ಲು ಮಾತ್ರ ಆರ್ಲಿಸ್‌ಳ ಮೊಣಕಾಲಿಗೆ ಬಂದು ಬಡಿಯಿತು. ಊರು ಕೂಗಿತು. ಮುದುಕ ಅಪ್ಪ ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡ.

ಕಾರ್ವರ್ ಎರಡೂ ಗಡಿಯಾರ ನೋಡಿದ. "ನಾಲ್ಕು ಪಾಯಿಂಟ್ ನಾಲ್ಕು ಎಂಟು."

ಎಲ್ಲರ ಬಾಯಿ ಹಾಗೇ ತೆರೆದಿತ್ತು. ಎರಡನೇ ಸಲವೂ ಹುಡುಗ ಅದೇ ಜಾಗಕ್ಕೆ ಬಂದು ಕೈ ಊರಿದ, ಓಡಿದ. ಮತ್ತೆ ಅದೇ ನಾಲ್ಕು ಪಾಯಿಂಟ್ ನಾಲ್ಕು ಎಂಟು. ಬ್ರಾಂಟ್ ಟೋಪಿಯನ್ನು ನೆಲಕ್ಕೆ ಹೊಡೆದ. ಕಾರ್ವರ್ ಪೆನ್ನಿನ ಮುಚ್ಚಳ ಹಾಕಿದ. ಅಷ್ಟೇ ಮುಗಿದುಹೋಯಿತು ಎಂಬುದು ಎಲ್ಲರಿಗೂ ಗೊತ್ತಾಯಿತು. "ಮೂರು ಏಳು ಅಂತೆ! ಹಲಗೆ ಮೇಲೆ ಬರ್ಕೊಳ್ಳೋಕೇನು" ಎಂದು ಬೇಲಿಯ ಆ ಕಡೆ ಒಬ್ಬ ಗೊಣಗಿದ. ಅಪ್ಪನ ಕಿವಿಗೆ ಅದು ಬಿದ್ದಿತು.

ಅಲ್ಲಿಗೆ ಆರ್ಲಿಸ್‌ಳ ಮೌನ ಮುರಿಯಿತು. ಹುಡುಗ ಹೇಳಬೇಡಿ ಅಂದಿದ್ದ, ನಿಜ. ಆದರೆ ಹುಡುಗ ತಾನೇ ಹೇಳಿಬಿಟ್ಟಿದ್ದನಲ್ಲ, ಬಾಯಿ ತೆರೆಯದೆ.

"ಒಂದ್ನಿಮಿಷ!" ಎಂದು ಕೂಗಿದಳು. ಮೈದಾನದಲ್ಲಿ ಅವಳ ದನಿಯನ್ನು ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಟೇಪಿನ ತುದಿಯನ್ನು ಇಸಿದ್ರೋನ ಬೆರಳಚ್ಚು ಒತ್ತಿದ್ದ ಮಣ್ಣಿಗೆ ಗೂಟ ಹೊಡೆದು ಸಿಕ್ಕಿಸಿ, ಎಲ್ಲರ ಕಣ್ಣೆದುರು ನಡೆಯುತ್ತ ಬಿಚ್ಚಿದಳು. "ಈ ಪಟ್ಟಿ ಮೂವತ್ತೊಂಬತ್ತು ಗಜ. ಹದಿಮೂರು ವರ್ಷದಿಂದ. ಗೂಟ ತಪ್ಪು ನೆಟ್ಟೋಳು ನಾನು. ಅವನಿಗೆ ಬೆಳಿಗ್ಗೆ ಗೊತ್ತಾಯ್ತು. ಬನ್ನಿ ಸ್ವಾಮಿ, ನೋಡಿ."

ಕಾರ್ವರ್ ಬಗ್ಗಿ ಕನ್ನಡಕ ಏರಿಸಿದ. "ನಲವತ್ತು ಗಜ, ಎರಡು ಇಂಚು" ಎಂದು ಓದಿದ. "ಎರಡು ಇಂಚು ಜಾಸ್ತೀನೇ ಓಡಿದಾನೆ."

"ನೋಡ್ರಪ್ಪ, ಗಂಡನ ಹೆಸರು ಮೇಲೆ ಹತ್ತಿಸೋಕೆ ಹುಡುಗನ್ನ ಕೆಳಗೆ ಹಾಕಿದ್ಲು!" ಎಂದು ಬೇಲಿಯಿಂದ ಒಂದು ದನಿ ಬಂತು. ಯಾರದ್ದೆಂದು ಅವಳು ತಿರುಗಿ ನೋಡಲಿಲ್ಲ. ಟೇಪು ಸುತ್ತಿಕೊಳ್ಳತೊಡಗಿದಳು.

ಕಾರ್ವರ್ ಇಸಿದ್ರೋನ ಕೈ ಹಿಡಿದ. "ಮಗಾ, ನಿನ್ನ ಎತ್ತರಕ್ಕೆ ಈ ಟೈಮು ಸಾಲಲ್ಲ. ಆಸೆ ತೋರಿಸೋಕೆ ನನಗೆ ಬರಲ್ಲ. ಆದ್ರೆ ಮೂವತ್ತು ವರ್ಷದಿಂದ ನೋಡ್ತಿದೀನಿ, ಎಲ್ಲ ಹುಡುಗ್ರೂ ಗೆರೆಯಿಂದ ಮುಂದೆ ಒಂದಿಷ್ಟು ಜಾಗ ಕದೀತಾರೆ. ಹಿಂದಕ್ಕೆ ಹೋದೋನು ನೀನೊಬ್ನೇ." ಹೇಳಿ ಕಾರು ಹತ್ತಿದ. ಇಸಿದ್ರೋ ಅಪ್ಪನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟ. ಅಪ್ಪ ಅವನ ಬೆನ್ನು ತಟ್ಟುತ್ತ ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದ.

ಮಧ್ಯಾಹ್ನ ಜಿಮ್ಮಿನಲ್ಲಿ ಆರ್ಲಿಸ್ ಏಣಿ ಹತ್ತಿದಳು. ಹತ್ತು ತಗಡುಗಳ ಮೊಳೆ ಬಿಚ್ಚಬೇಕಿತ್ತು. ಬ್ರಾಂಟ್ ಬಂದು ತನ್ನ ತಗಡನ್ನು ತಾನೇ ಬಿಚ್ಚಿಕೊಂಡು ಹೋದ. ಹಲಗೆ ಬೋಳಾಯಿತು. ಅಷ್ಟರಲ್ಲಿ ವರ್ಲಿನ್ ಬಂದ, ಕೈಯಲ್ಲಿ ಗ್ಯಾರೇಜಿನಿಂದ ತಂದ ಹಳೆಯ ತಗಡು. ಅದನ್ನು ಅವನು ಕಾಫಿ ಲೋಟ ಮುಚ್ಚಲು ಬಳಸಿರಲಿಲ್ಲ. ಉಜ್ಜಿ ಉಜ್ಜಿ ಹೊಳೆಯುವಂತೆ ಇಟ್ಟಿದ್ದ.

"ಕೊಡು" ಎಂದಳು ಅವಳು ಏಣಿಯ ಮೇಲಿಂದ. "ಜನ ಏನಾದ್ರೂ ಅನ್ಲಿ. ನಿನ್ನ ನಾಲ್ಕು ಪಾಯಿಂಟ್ ನಾಲ್ಕು ಆರು ಮೇಲೆ, ಹುಡುಗನ ನಾಲ್ಕು ಎಂಟು ಕೆಳಗೆ. ಅಳತೆ ಅಂದ್ಮೇಲೆ ಅಳತೆ."

ವರ್ಲಿನ್ ಕೊಡಲಿಲ್ಲ. "ನಾನು ಓಡಿದ ದಿನ ಗಡಿಯಾರ ಹಿಡಿದಿದ್ದೋರು ಯಾರು, ನೆನಪಿದ್ಯಾ?"

"ನಮ್ಮಪ್ಪ."

"ನಾನು ಆಗ್ಲೇ ನಿನ್ನ ಹಿಂದೆ ಸುತ್ತುತಿದ್ದೆ, ಅವರಿಗೂ ಗೊತ್ತಿತ್ತು. ಓಡಿ ಮುಗಿಸಿ ಏದುಸಿರು ಬಿಡ್ತಾ ತಿರುಗಿದ್ರೆ, ಗಡಿಯಾರ ಮುಷ್ಟೀಲಿ ಮುಚ್ಕೊಂಡು, 'ಎಷ್ಟು ಬೇಕಯ್ಯಾ?' ಅಂದ್ರು. ದಾಖಲೆ ನಾಲ್ಕು ಪಾಯಿಂಟ್ ನಾಲ್ಕು ಏಳು ಇತ್ತು. 'ನಾಲ್ಕು ಆರಾದ್ರೆ ಸಾಕು ಸರ್' ಅಂದೆ. ಬರೆದ್ಬಿಟ್ರು."

"ನಿಜವಾದ್ದು ಎಷ್ಟಿತ್ತು?"

"ತೋರಿಸ್ಲೇ ಇಲ್ಲ ಕಣೆ. ನಾನೂ ಕೇಳ್ಲಿಲ್ಲ."

ಆರ್ಲಿಸ್ ಏಣಿಯ ಮೇಲೇ ಕೂತುಬಿಟ್ಟಳು. "ಮತ್ತೆ ಹದಿಮೂರು ವರ್ಷ ಮುಖ ಊದಿಸ್ಕೊಂಡಿದ್ಯಲ್ಲೋ, ಪಾಪಿ!" ಎಂದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ನಲವತ್ತು ವರ್ಷ ಆದ್ಮೇಲೆ ನಾನೇ ನಂಬಿಬಿಟ್ಟಿದ್ದೆ" ಎಂದ ವರ್ಲಿನ್, ನೆಲ ನೋಡುತ್ತ. "ಹುಡುಗನ್ನ ಮೇಲೆ ಹಾಕು. ಅವನದ್ದಕ್ಕೆ ಟೇಪು ಹಿಡಿದು ನೋಡಿದೀವಿ."

ಇಸಿದ್ರೋನ ಹೊಸ ತಗಡು ಕೊರೆಸಿ ಬರಲು ಎರಡು ವಾರ ಬೇಕಿತ್ತು. ಅಲ್ಲಿಯವರೆಗೆ ಅವಳು ಒಂದು ಬಿಳಿ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಅವನ ಹೆಸರು, 4.48 ಎಂದು ಬರೆದು ಹಲಗೆಯ ತುದಿಗೆ ಅಂಟಿಸಿದಳು. ವರ್ಲಿನ್ ತನ್ನ ತಗಡನ್ನು ಜೇಬಿಗೆ ಹಾಕಿಕೊಂಡು, ಅವಳು ಇಳಿಯುವವರೆಗೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತ.